ಐದು ಪಂದ್ಯ, ಎರಡು ಗೋಲು: ಕಂಠೀರವದಲ್ಲಿ ನೋಡಿದ ಆ ತಂಡ ಎಲ್ಲಿ ಹೋಯಿತು?

ಮಂಜು, ದೂರವಾಣಿನಗರ

ಎಲ್ಲರಿಗೂ ನಮಸ್ಕಾರ. ಢಾಕಾದ ಫುಟ್‌ಬಾಲ್ ಪಂದ್ಯ (2025ರ ನವೆಂಬರ್ 18) ಮುಗಿದು ಒಂದು ದಿನ ಆಯಿತು, ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಬಾಂಗ್ಲಾದೇಶ 1, ಭಾರತ 0. ಅವರು ನಮ್ಮನ್ನು ಸೋಲಿಸಿ 22 ವರ್ಷ ಆಗಿತ್ತು. ಏಷ್ಯನ್ ಕಪ್ ದಾರಿ ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲೇ ಮುಚ್ಚಿಹೋಗಿತ್ತು, ಇನ್ನು ಢಾಕಾದಲ್ಲಿ ಗೆದ್ದರೆಷ್ಟು ಸೋತರೆಷ್ಟು ಅಂತ ಕೆಲವರು ಹೇಳುತ್ತಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ನೀಲಿ ಅಂಗಿ ಹಾಕಿಕೊಂಡು ಹನ್ನೊಂದು ಜನ ಇಳಿದರು ಅಂದರೆ ನನಗೆ ಅದು ಪಂದ್ಯವೇ.

ನನ್ನ ಪ್ರಶ್ನೆ ಸೋಲಿನ ಬಗ್ಗೆ ಅಲ್ಲ, ಗೋಲಿನ ಬಗ್ಗೆ. ಏಷ್ಯನ್ ಕಪ್‌ನ ಈ ಅರ್ಹತಾ ಸುತ್ತಿನಲ್ಲಿ ನಾವು ಐದು ಪಂದ್ಯ ಆಡಿದ್ದೇವೆ. ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಎದುರು 0–0. ಹಾಂಗ್‌ಕಾಂಗ್‌ನಲ್ಲಿ ಕೊನೇ ಗಳಿಗೆಯ ಪೆನಾಲ್ಟಿಯಿಂದ 0–1. ಸಿಂಗಪುರದಲ್ಲಿ 1–1. ಮಡಗಾಂವ್‌ನಲ್ಲಿ ಅದೇ ಸಿಂಗಪುರದ ಎದುರು 1–2. ಈಗ ಢಾಕಾ. ಐದು ಪಂದ್ಯಕ್ಕೆ ಎರಡೇ ಗೋಲು. ಆ ಎರಡೂ ಹೇಗೆ ಬಂದವು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ಸಿಂಗಪುರದಲ್ಲಿ 90ನೇ ನಿಮಿಷಕ್ಕೆ ಅವರ ಡಿಫೆನ್ಸ್ ಎಡವಟ್ಟು ಮಾಡಿಕೊಂಡಿತು, ರಹೀಮ್ ಅಲಿ ಓಡಿ ಹೋಗಿ ಹೊಡೆದ. ಆಗ ನಾವು ಹತ್ತೇ ಜನ ಇದ್ದೆವು, ಝಿಂಗನ್‌ಗೆ ರೆಡ್ ಕಾರ್ಡ್ ಆಗಿತ್ತು. ಮಡಗಾಂವ್‌ನಲ್ಲಿ ಛಾಂಗ್ಟೆ ಬಾಕ್ಸ್ ಹೊರಗಿಂದ, ದೂರದಿಂದ ಹೊಡೆದ. ಚೆಂದದ ಗೋಲು. ಆದರೆ ಒಂದು ಎದುರಾಳಿಯ ತಪ್ಪು, ಇನ್ನೊಂದು ಒಬ್ಬನ ಕಾಲಿನ ಶಕ್ತಿ. ಮೂರ್ನಾಲ್ಕು ಜನ ಸೇರಿ ಪಾಸ್ ಮಾಡಿ ಕಟ್ಟಿದ ಗೋಲು ಒಂದೂ ಇಲ್ಲ. ಒಂದೂ.

ಈಗ ನಾನು ಎರಡು ವರ್ಷ ಹಿಂದಕ್ಕೆ ಹೋಗುತ್ತೇನೆ. 2023ರ ಜುಲೈ 4, ಮಂಗಳವಾರ. ಬೆಂಗಳೂರಿನ ಕಂಠೀರವದಲ್ಲಿ ಸ್ಯಾಫ್ (ದಕ್ಷಿಣ ಏಷ್ಯಾ ಚಾಂಪಿಯನ್‌ಶಿಪ್) ಫೈನಲ್, ಎದುರಿಗೆ ಕುವೈತ್. ನಮ್ಮಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅಪ್ಪ ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಕಾರ್ಖಾನೆಯ ಸೆಕ್ಷನ್‌ಗಳ ನಡುವೆ ಆಗುತ್ತಿದ್ದ ಪಂದ್ಯಗಳಲ್ಲಿ ಹಾಫ್ ಬ್ಯಾಕ್ ಆಡುತ್ತಿದ್ದರು. 1977ರಲ್ಲಿ ಮೊಟ್ಟಮೊದಲ ಫೆಡರೇಶನ್ ಕಪ್ ಫೈನಲ್‌ನಲ್ಲಿ ಐಟಿಐ ತಂಡ ಮೋಹನ್ ಬಗಾನ್‌ನ್ನು 1–0 ಸೋಲಿಸಿತಲ್ಲ, ಆಗ ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗ. ಈಗಲೂ ಪಂದ್ಯ ನೋಡುವಾಗ ಅವರ ಕಣ್ಣು ಬಾಲ್ ಮೇಲೆ ಇರುವುದಿಲ್ಲ, ಬಾಲ್ ಇಲ್ಲದವನ ಮೇಲೆ ಇರುತ್ತದೆ.

14ನೇ ನಿಮಿಷಕ್ಕೆ ಅಲ್ ಖಾಲ್ದಿ ಗೋಲು ಹೊಡೆದು ಕುವೈತ್ ಮುಂದೆ ಹೋಯಿತು. ಸ್ಟೇಡಿಯಂ ಒಂದು ಕ್ಷಣ ತಣ್ಣಗಾಯಿತು. ಅನ್ವರ್ ಅಲಿ ಬೇರೆ ಪೆಟ್ಟು ಮಾಡಿಕೊಂಡು ಹೊರಗೆ ಹೋದ, ಮೆಹತಾಬ್ ಬಂದ. ನಾನು ಕೈ ಹಿಸುಕಿಕೊಳ್ಳುತ್ತಿದ್ದೆ. 38ನೇ ನಿಮಿಷಕ್ಕೆ ಆಶಿಕ್ ಬಾಲನ್ನು ನಮ್ಮ ನಾಯಕ ಸುನಿಲ್ ಛೆಟ್ರಿ ಕಡೆ ತಳ್ಳಿದ. ಛೆಟ್ರಿ ನಿಲ್ಲಿಸಲೇ ಇಲ್ಲ. ಒಂದೇ ಟಚ್‌ನಲ್ಲಿ ಡಿಫೆಂಡರ್‌ಗಳ ನಡುವೆ ಬಾಲ್ ಬಿಟ್ಟ. ಅಷ್ಟರಲ್ಲಿ ಸಹಲ್ ಅವನನ್ನು ದಾಟಿ ಓಡಿಬಿಟ್ಟಿದ್ದ. ಸಹಲ್ ತಾನೇ ಹೊಡೆಯದೆ ಅಡ್ಡಕ್ಕೆ ಕೊಟ್ಟ, ಛಾಂಗ್ಟೆ ಒಳಗೆ ಹಾಕಿದ. ನಾವೆಲ್ಲ ಎದ್ದು ಕೂಗುತ್ತಿದ್ದೇವೆ, ಅಪ್ಪ ಮಾತ್ರ ಕೂತೇ ಇದ್ದಾರೆ. ನನ್ನ ಅಂಗಿ ಹಿಡಿದು ಜಗ್ಗಿ ಕಿವಿಯಲ್ಲಿ ಹೇಳಿದರು: "ಆ ಛೆಟ್ರಿ ಬಾಲ್ ಬರೋದಕ್ಕೆ ಮುಂಚೆ ತಿರುಗಿ ನೋಡಿದ, ಕಂಡ್ಯಾ?"

ನಾನು ಕಂಡಿರಲಿಲ್ಲ. ಮನೆಗೆ ಬಂದು ಫೋನಿನಲ್ಲಿ ಆ ಗೋಲನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ನಿನ್ನೆ ಅಪ್ಪನೂ ನಾನೂ ಮನೆಯಲ್ಲೇ ಕೂತು ನೋಡಿದೆವು. ಬಸವನಗುಡಿ ಪರಿಷೆಯಿಂದ ತಂದ ಕಡ್ಲೆಕಾಯಿ ಟೀಪಾಯಿ ಮೇಲೆ ಪೇಪರ್ ಹಾಸಿ ಸುರಿದಿದ್ದೆವು. ಮೊದಲ ಕಾಲು ಗಂಟೆಯೊಳಗೆ ಬಾಂಗ್ಲಾದ ರಾಕಿಬ್ ಎಡಗಡೆಯಿಂದ ಓಡಿ ಬಂದು ಕೊಟ್ಟ, ಮೊರ್ಸಾಲಿನ್ ಹೊಡೆದ. ಆಮೇಲೆ ಛಾಂಗ್ಟೆ ಖಾಲಿ ಗೋಲಿನ ಕಡೆ ಹೊಡೆದದ್ದನ್ನು ಹಂಜಾ ಚೌಧುರಿ ತಲೆ ಕೊಟ್ಟು ತಡೆದ. ಅದು ಬಿಟ್ಟರೆ ನಮಗೆ ಸಿಕ್ಕಿದ್ದು ಸುಮ್ನೆ ಬಾಲ್ ಅಷ್ಟೇ, ಜಾಗ ಸಿಗಲಿಲ್ಲ. ಎರಡನೇ ಅರ್ಧದಲ್ಲಿ ಅಪ್ಪ ಕಡ್ಲೆಕಾಯಿ ಜೋಡಿಸಲು ಶುರು ಮಾಡಿದರು. ಸಿಪ್ಪೆ ಇರುವ ಕಾಯಿ ನಮ್ಮವರು, ಸುಲಿದ ಬೀಜ ಬಾಂಗ್ಲಾದವರು. ಮುಂದೆ ಎರಡು ಬೀಜದ ನಡುವೆ ಒಂದು ಕಾಯಿ ಇಟ್ಟು ಹೇಳಿದರು: "ಇವನು ಇಲ್ಲೇ ನಿಂತಿದ್ದಾನೆ. ಬಾಲ್ ಇವನಿಗೆ ಹ್ಯಾಗೆ ಬರಬೇಕು?" ಆ ಕಾಯಿಯನ್ನು ನಾಲ್ಕು ಬೆರಳಷ್ಟು ಹಿಂದಕ್ಕೆ, ಮಿಡ್‌ಫೀಲ್ಡ್ ಕಡೆಗೆ ಎಳೆದರು. "ಈಗ ಈ ಬೀಜ ಏನು ಮಾಡಬೇಕು? ಇವನ ಹಿಂದೆ ಬಂದರೆ ಅಲ್ಲಿ ಬಾಗಿಲು ತೆಗೀತು. ಬರದಿದ್ದರೆ ಇವನು ಆರಾಮಾಗಿ ತಿರುಗ್ತಾನೆ."

ನನ್ನ ಪ್ರಶ್ನೆ ಇದೇ. ಗುರ್‌ಪ್ರೀತ್, ಝಿಂಗನ್, ಆಕಾಶ್ ಮಿಶ್ರಾ, ಛಾಂಗ್ಟೆ, ಮಹೇಶ್, ಹೆಸರುಗಳು ಹೆಚ್ಚೂಕಡಿಮೆ ಅವೇ. 2023ರ ಜುಲೈನಲ್ಲಿ ನಾವು ಫಿಫಾ ಪಟ್ಟಿಯಲ್ಲಿ 99ನೇ ಸ್ಥಾನದಲ್ಲಿದ್ದೆವು, ಕಳೆದ ತಿಂಗಳು 136. ಹಿಂದಕ್ಕೆ ಬಂದು ಬಾಲ್ ತೆಗೆದುಕೊಂಡು ಬಾಗಿಲು ತೆಗೆಸುವ ಆ ಒಂದು ಕೆಲಸ ಈಗ ಯಾರೂ ಯಾಕೆ ಮಾಡುತ್ತಿಲ್ಲ? ಛೆಟ್ರಿ ಇಲ್ಲ ಅಂತ ಮಾತ್ರವಾ? ಕೋಚ್‌ಗಳು ಬದಲಾದದ್ದಾ? ಮಕ್ಕಳಿಗೆ ಕಲಿಸುವವರು, ಹತ್ತಿರದಿಂದ ನೋಡಿದವರು ಇದ್ದರೆ ದಯವಿಟ್ಟು ಹೇಳಿ.

ಫ್ರಾನ್ಸಿಸ್, ಆಸ್ಟಿನ್ ಟೌನ್

ಮಂಜು ಅವರೇ, ಮೊದಲು ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಅವರ ಕಣ್ಣು ದೊಡ್ಡದು. ನಾನು ಹದಿನಾಲ್ಕು ವರ್ಷದೊಳಗಿನ ಹುಡುಗರಿಗೆ ಕಲಿಸುತ್ತೇನೆ, ಹನ್ನೊಂದು ವರ್ಷ ಆಯಿತು. ಅವರು ಕಡ್ಲೆಕಾಯಿಯಲ್ಲಿ ತೋರಿಸಿದ್ದನ್ನು ಹುಡುಗರಿಗೆ ಹೇಳಿಕೊಡಲು ನನಗೆ ಮೂರು ವರ್ಷ ಬೇಕು.

ಛೆಟ್ರಿ ಇಲ್ಲ ಅನ್ನುವುದು ಅರ್ಧ ಉತ್ತರ. ಯಾಕೆಂದರೆ ಛೆಟ್ರಿ ಈ ಸುತ್ತಿನಲ್ಲಿ ಇದ್ದರು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು 0–0 ಆಡಿ, ಅಳುತ್ತಾ ಮೈದಾನ ಬಿಟ್ಟವರನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆಸಿದೆವು. ನಲವತ್ತು ದಾಟಿದ ಆಟಗಾರನನ್ನು. ಅವರೂ ಬಂದರು, ಮಾಲ್ಡೀವ್ಸ್ ಎದುರು 95ನೇ ಗೋಲು ಹೊಡೆದರು. ಅವರನ್ನು ಕರೆಸಿದ್ದು ಕೋಚ್‌ನ ತಪ್ಪು ಅಂತ ನಾನು ಹೇಳುವುದಿಲ್ಲ. ಆ ಸೀಸನ್‌ನಲ್ಲಿ ಐಎಸ್‌ಎಲ್‌ನಲ್ಲಿ (ದೇಶದ ಕ್ಲಬ್‌ಗಳ ಇಂಡಿಯನ್ ಸೂಪರ್ ಲೀಗ್) ಅತಿ ಜಾಸ್ತಿ ಗೋಲು ಹೊಡೆದ ಭಾರತೀಯ ಅವರೇ. ನನಗೆ ನೋವಾಗುವುದು ಅಲ್ಲೇ. ನಲವತ್ತರ ಮನುಷ್ಯನನ್ನು ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬ ಇರಲಿಲ್ಲ.

ಯಾಕೆ ಇರಲಿಲ್ಲ? 2024–25ರಲ್ಲಿ ಕ್ಲಬ್‌ಗಳ ಮುಂದಿನ ಸಾಲು ಯಾರದ್ದಿತ್ತು ನೋಡಿ. ಮೋಹನ್ ಬಗಾನ್‌ನಲ್ಲಿ ಮೆಕ್ಲಾರೆನ್ ಮತ್ತು ಕಮಿಂಗ್ಸ್. ಈಸ್ಟ್ ಬೆಂಗಾಲ್‌ನಲ್ಲಿ ಡಿಯಾಮಂಟಕೋಸ್. ಗೋವಾದಲ್ಲಿ ಸಾದಿಕು. ಮುಂಬೈಯಲ್ಲಿ ಕರೆಲಿಸ್. ಕೇರಳದಲ್ಲಿ ಹೆಸುಸ್ ಹಿಮೆನೆಸ್. ಒಡಿಶಾದಲ್ಲಿ ಡಿಯಾಗೊ ಮೌರಿಸಿಯೊ. ನಾರ್ತ್‌ಈಸ್ಟ್‌ನಲ್ಲಿ ಅಜರಾಯ್, 23 ಗೋಲು ಹೊಡೆದು ಗೋಲ್ಡನ್ ಬೂಟ್ ತೆಗೆದುಕೊಂಡ. ಮೈದಾನದಲ್ಲಿ ನಾಲ್ಕು ಜನ ವಿದೇಶಿಗರು ಇರಬಹುದು ಅಂದರೆ ಕ್ಲಬ್‌ನವರು ಮೊದಲು ತುಂಬುವ ಜಾಗ ಒಂಬತ್ತನೇ ನಂಬರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವ ಸ್ಟ್ರೈಕರ್. ಗೋಲು ಬೇಕಲ್ಲ. ಕ್ಲಬ್ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ಅವರು ಗೆಲ್ಲಬೇಕು. ಆದರೆ ಮನ್‌ವೀರ್ ತರದ ಎತ್ತರದ, ಗಟ್ಟಿ ಹುಡುಗ ಕ್ಲಬ್‌ನಲ್ಲಿ ವರ್ಷವಿಡೀ ಬಲಗಡೆ ವಿಂಗ್‌ನಲ್ಲಿ ಓಡುತ್ತಾನೆ. ದೇಶದ ತಂಡಕ್ಕೆ ಬಂದಾಗ ಹತ್ತು ದಿನಕ್ಕೆ ನೀನು ಸ್ಟ್ರೈಕರ್ ಅನ್ನುತ್ತೇವೆ. ಗೋಲಿಗೆ ಬೆನ್ನು ಹಾಕಿ ನಿಲ್ಲುವುದು ಹತ್ತು ದಿನದಲ್ಲಿ ಬರುವ ವಿದ್ಯೆಯಲ್ಲ.

ನನ್ನ ಹತ್ತಿರ ಒಬ್ಬ ಹುಡುಗ ಇದ್ದ. ಹೆಸರು ಬೇಡ. ಹನ್ನೊಂದನೇ ವಯಸ್ಸಿನಿಂದ ನಾನು ಅವನನ್ನು ಸೆಂಟರ್ ಫಾರ್ವರ್ಡ್ ಮಾಡಿದ್ದೆ. ಬೆನ್ನಿಗೆ ಡಿಫೆಂಡರ್ ಅಂಟಿದ್ದರೂ ಬಾಲ್ ಹಿಡಿದಿಡುತ್ತಿದ್ದ. ಒಂದು ಅಕಾಡೆಮಿಗೆ ಸೆಲೆಕ್ಟ್ ಆದ, ನಮಗೆಲ್ಲ ಹಬ್ಬ. ಒಂದು ವರ್ಷ ಬಿಟ್ಟು ರಜೆಗೆ ಬಂದಾಗ ಕೇಳಿದೆ, ಎಲ್ಲಿ ಆಡ್ತೀಯಪ್ಪ ಅಂತ. "ರೈಟ್ ವಿಂಗ್ ಸರ್. ಸ್ಪೀಡ್ ಇದೆ ಅಂತ ಅಲ್ಲಿ ಹಾಕಿದರು" ಅಂದ. ಅವನ ಒಳ್ಳೆಯದಕ್ಕೇ ಮಾಡಿದ್ದಾರೆ. ವಿಂಗ್‌ನಲ್ಲಿದ್ದರೆ ಮುಂದೆ ಕ್ಲಬ್‌ನಲ್ಲಿ ಜಾಗ ಸಿಗುತ್ತದೆ ಅನ್ನುವುದು ನಿಜ.

ಅಪ್ಪ ನೋಡಿದ ಆ ತಿರುಗಿ ನೋಡುವುದು ಇದೆಯಲ್ಲ, ಅದನ್ನು ನಾನು ಹೀಗೆ ಕಲಿಸುತ್ತೇನೆ. ಹುಡುಗ ನನಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಎದುರಿನಿಂದ ಇನ್ನೊಬ್ಬ ಪಾಸ್ ಕೊಡುತ್ತಾನೆ. ನಾನು ಹಿಂದೆ ನಿಂತು ಕೈಯೆತ್ತಿ ಬೆರಳು ತೋರಿಸುತ್ತೇನೆ, ಎರಡೋ ಮೂರೋ. ಬಾಲ್ ಕಾಲಿಗೆ ತಾಗುವ ಮೊದಲೇ ಎಷ್ಟು ಬೆರಳು ಅಂತ ಅವನು ಕೂಗಿ ಹೇಳಬೇಕು. ಮೊದಲ ತಿಂಗಳು ಎಲ್ಲರೂ ಬಾಲ್ ನಿಲ್ಲಿಸಿ ಆಮೇಲೆ ತಿರುಗುತ್ತಾರೆ. ಆರು ತಿಂಗಳಾದ ಮೇಲೆ ಬಾಲ್ ಹೊರಟ ತಕ್ಷಣ ಭುಜದ ಮೇಲಿಂದ ಒಂದು ನೋಟ ಬರುತ್ತದೆ. ಪಾಸ್ ಹಾದಿಯಲ್ಲಿ ಇರುವ ಆ ಅರ್ಧ ಸೆಕೆಂಡು ಇದೆಯಲ್ಲ, ಆಟ ಇರುವುದೇ ಅಲ್ಲಿ.

ದಿನೇಶ್ ಶೆಟ್ಟಿ, ಕುವೈತ್

ಮಂಜಣ್ಣ, ಫ್ರಾನ್ಸಿಸ್ ಸರ್, ಇಬ್ಬರ ಮಾತೂ ಓದಿದೆ. ನಾನು ಕುಂದಾಪುರದ ಕಡೆಯವನು, ಇಲ್ಲಿ ಬಂದು ಒಂಬತ್ತು ವರ್ಷ ಆಯಿತು. ಒಂಬತ್ತನೇ ನಂಬರ್ ಇಲ್ಲ ಅನ್ನುವುದನ್ನು ಒಪ್ಪುತ್ತೇನೆ. ಆದರೆ ತಂಡ ಹಾಳಾದದ್ದು ಅದರಿಂದ ಅಂತ ಒಪ್ಪುವುದು ಕಷ್ಟ. 2023ರಲ್ಲೂ ಛೆಟ್ರಿ ಒಬ್ಬನೇ ಇದ್ದ ಅಲ್ವಾ?

ನಾನು 2023ರ ನವೆಂಬರ್ 16ರ ಪಂದ್ಯವನ್ನು ಇಲ್ಲಿನ ಜಾಬರ್ ಅಲ್ ಅಹ್ಮದ್ ಸ್ಟೇಡಿಯಂನಲ್ಲಿ ಕೂತು ನೋಡಿದವನು. ವಿಶ್ವಕಪ್ ಅರ್ಹತಾ ಪಂದ್ಯ. ಗುರುವಾರ ರಾತ್ರಿ, ಮರುದಿನ ರಜೆ. ನಮ್ಮ ರೂಮಿನಿಂದ ಆರು ಜನ ಎರಡು ಕಾರಿನಲ್ಲಿ ಹೋದೆವು. ಒಳಗೆ ಹೋದರೆ ಊರಿಗೆ ಬಂದ ಹಾಗೆ. ಮಲಯಾಳ, ತೆಲುಗು, ತುಳು ಎಲ್ಲ ಕೇಳಿಸುತ್ತಿದೆ. ಕುವೈತ್‌ನ ಸ್ವಂತ ನೆಲದಲ್ಲಿ ನಮ್ಮ ಕೂಗೇ ಜೋರಿತ್ತು.

ಆ ದಿನ ನಾನು ನೋಡಿದ್ದು ಗೋಲಿಗಿಂತ ಜಾಸ್ತಿ, ನಮ್ಮವರು ನಿಲ್ಲುತ್ತಿದ್ದ ರೀತಿ. ನಾವು ಮೇಲಿನ ಸಾಲಿನಲ್ಲಿದ್ದೆವು, ಮೇಲಿಂದ ಎಲ್ಲ ಕಾಣುತ್ತದೆ. ಹಿಂದಿನ ಸಾಲಿಗೂ ಮುಂದಿನವರಿಗೂ ನಡುವೆ ಜಾಗವೇ ಬಿಡುತ್ತಿರಲಿಲ್ಲ. ಒಬ್ಬ ಬಾಲ್ ಕಡೆ ಹೋದರೆ ಉಳಿದವರು ಹಗ್ಗ ಕಟ್ಟಿ ಎಳೆದ ಹಾಗೆ ಒಟ್ಟಿಗೆ ಸರಿಯುತ್ತಿದ್ದರು. 75ನೇ ನಿಮಿಷದಲ್ಲಿ ಛಾಂಗ್ಟೆ ಎಡಗಡೆಯಿಂದ ಕ್ರಾಸ್ ಕೊಟ್ಟ, ಮನ್‌ವೀರ್ ನಿಲ್ಲಿಸದೆ ಹೊಡೆದ. 1–0. ಫ್ರಾನ್ಸಿಸ್ ಸರ್ ಹೇಳಿದ ಅದೇ ಮನ್‌ವೀರ್, ಕ್ಲಬ್‌ನಲ್ಲಿ ವಿಂಗ್ ಆಡುವವನು. ತಂಡ ಸರಿ ಇದ್ದರೆ ವಿಂಗ್‌ನವನೂ ಗೋಲು ಹೊಡೆಯುತ್ತಾನೆ.

ಆ ಒಗ್ಗಟ್ಟು ಎಲ್ಲಿಂದ ಬಂತು? 2023ರ ಮೇ ಮಧ್ಯದಲ್ಲಿ ಭುವನೇಶ್ವರದಲ್ಲಿ ಕ್ಯಾಂಪ್ ಶುರುವಾಯಿತು. ಜೂನ್‌ನಲ್ಲಿ ಅಲ್ಲೇ ಇಂಟರ್‌ಕಾಂಟಿನೆಂಟಲ್ ಕಪ್. ಜೂನ್ 18ಕ್ಕೆ ಫೈನಲ್, ಲೆಬನಾನ್ ಎದುರು 2–0. ಮೂರೇ ದಿನ ಬಿಟ್ಟು ಜೂನ್ 21ಕ್ಕೆ ಕಂಠೀರವದಲ್ಲಿ ಪಾಕಿಸ್ತಾನ, ಮಳೆಯಲ್ಲಿ 4–0. ಅಲ್ಲಿಂದ ಜುಲೈ 4ರವರೆಗೆ. ಏಳು ವಾರ ಒಟ್ಟಿಗೆ ಊಟ, ಒಟ್ಟಿಗೆ ಆಟ. ಛೆಟ್ರಿ ಒಂದೇ ಟಚ್‌ನಲ್ಲಿ ಬಾಲ್ ಬಿಟ್ಟದ್ದು ಸಹಲ್ ಎಲ್ಲಿ ಓಡುತ್ತಾನೆ ಅಂತ ಗೊತ್ತಿದ್ದರಿಂದ. ಏಳು ವಾರ ದಿನಾ ಅದನ್ನೇ ಮಾಡಿದ್ದರು.

ಆಮೇಲೆ ಏನಾಯಿತು ನೋಡಿ. ಆಶಿಕ್‌ನ ಮೊಣಕಾಲು ಹೋಯಿತು. ಜೀಕ್ಸನ್‌ಗೆ ಭುಜ. ಅನ್ವರ್ ಅಲಿಗೂ ಪೆಟ್ಟು. 2024ರ ಜನವರಿಯಲ್ಲಿ ಕತಾರ್‌ಗೆ ಏಷ್ಯನ್ ಕಪ್‌ಗೆ ಹೋಗುವಾಗ ಈ ಮೂವರೂ ಇರಲಿಲ್ಲ. ಸಹಲ್ ಇದ್ದರೂ ಪೂರ್ತಿ ಗುಣವಾಗಿರಲಿಲ್ಲ. ಕಂಠೀರವದ ಫೈನಲ್‌ನಲ್ಲಿ ಶುರು ಮಾಡಿದ ಹನ್ನೊಂದರಲ್ಲಿ ನಾಲ್ಕು ಜನ. ಜೀಕ್ಸನ್ ಇಲ್ಲ ಅಂದರೆ ಮಿಡ್‌ಫೀಲ್ಡ್‌ನಲ್ಲಿ ಬಾಲ್ ಕಿತ್ತುಕೊಳ್ಳುವವನೇ ಇಲ್ಲ. ಆಸ್ಟ್ರೇಲಿಯಾ ಎದುರು 0–2, ಉಜ್ಬೇಕಿಸ್ತಾನ ಎದುರು 0–3, ಸಿರಿಯಾ ಎದುರು 0–1. ಒಂದೂ ಗೋಲಿಲ್ಲದೆ ವಾಪಸ್. ನಾನು ಆಸ್ಟ್ರೇಲಿಯಾ ಪಂದ್ಯ ನೋಡುವಾಗಲೇ ಹೇಳಿದ್ದೆ, ಛೆಟ್ರಿ ಒಬ್ಬನೇ ದ್ವೀಪದ ಹಾಗೆ ನಿಂತಿದ್ದಾನೆ ಅಂತ. ಅವನು ಹಿಂದೆ ಬಂದರೂ ದಾಟಿ ಓಡುವವರು ಯಾರೂ ಇರಲಿಲ್ಲ.

ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಎದುರು ಮುಂದಿದ್ದು 1–2 ಸೋತೆವು. ಛೆಟ್ರಿಯ 150ನೇ ಪಂದ್ಯ ಅದು. ಜೂನ್‌ನಲ್ಲಿ ಕೋಚ್ ಸ್ಟಿಮ್ಯಾಚ್ ಹೋದರು, ಮಾರ್ಕ್ವೆಜ್ ಬಂದರು. ಒಂದು ವರ್ಷದಲ್ಲಿ ಅವರೂ ಹೋದರು, ಖಾಲಿದ್ ಜಮೀಲ್ ಬಂದರು. ಮೂರು ಕೋಚ್, ಮೂರು ರೀತಿಯ ಆಟ. 2025ರ ನವೆಂಬರ್ ಬಂದರೂ ಐಎಸ್‌ಎಲ್ ಕೂಡ ಶುರುವಾಗಿರಲಿಲ್ಲ. ಪಂದ್ಯವೇ ಇಲ್ಲದ ಕಾಲು ಒಂದು ಕ್ಷಣ ತಡವಾಗಿಯೇ ಹೋಗುತ್ತದೆ. ಢಾಕಾದಲ್ಲಿ ರಾಕಿಬ್ ಓಡಿದಾಗ ನೋಡಿದೆವಲ್ಲ.

ಶ್ವೇತಾ, ಹುಬ್ಬಳ್ಳಿ

ನಾನು ಕಾಲೇಜಿನಲ್ಲಿ ಐದು ವರ್ಷ ಸೆಂಟರ್ ಬ್ಯಾಕ್ ಆಡಿದವಳು, ಆದ್ದರಿಂದ ಹಿಂದಿನಿಂದ ನೋಡಿ ಹೇಳುತ್ತೇನೆ. ಸರ್, ಶೆಟ್ರೇ, ನೀವಿಬ್ಬರೂ ಹೇಳಿದ್ದು ಸರಿ, ಆದರೆ ಎರಡೂ ನಾಳೆಗೆ ಆಗುವ ಕೆಲಸ ಅಲ್ಲ. ಏಳು ವಾರದ ಕ್ಯಾಂಪ್ ಇನ್ನು ಸಿಗುವುದಿಲ್ಲ. ಒಂಬತ್ತನೇ ನಂಬರ್ ತಯಾರಾಗಲು ಹತ್ತು ವರ್ಷ ಬೇಕು. ಈಗಿರುವ ಕೋಚ್ ಈಗಿರುವ ಹುಡುಗರನ್ನು ಇಟ್ಟುಕೊಂಡು ಏನು ಮಾಡಬಹುದು ಅಂತ ನೋಡೋಣ.

ಖಾಲಿದ್ ಜಮೀಲ್ ಅದನ್ನು ಒಮ್ಮೆ ಮಾಡಿ ತೋರಿಸಿದ್ದಾರೆ. 2025ರ ಆಗಸ್ಟ್ 29, ಕಾಫಾ ನೇಷನ್ಸ್ ಕಪ್ ಟೂರ್ನಿ, ಹಿಸೋರ್‌ನಲ್ಲಿ ತಜಿಕಿಸ್ತಾನದ ಎದುರು. ಅವರ ಮೊದಲ ಪಂದ್ಯ. ಹದಿನೈದು ನಿಮಿಷದೊಳಗೆ 2–0. ಮೊಹಮ್ಮದ್ ಉವೈಸ್ ಉದ್ದದ ಥ್ರೋ ಹಾಕಿದ, ಅನ್ವರ್ ಅಲಿ ತಲೆ ಕೊಟ್ಟ. ಆಮೇಲೆ ಭೇಕೆ ಹೆಡ್ ಮಾಡಿದ್ದು ಕೀಪರ್ ಕೈಯಿಂದ ಜಾರಿತು, ಝಿಂಗನ್ ಒಳಗೆ ತಳ್ಳಿದ. ಇಬ್ಬರೂ ಡಿಫೆಂಡರ್‌ಗಳು. ಕೊನೆಗೆ 2–1, ಗುರ್‌ಪ್ರೀತ್ ಒಂದು ಪೆನಾಲ್ಟಿ ಹಿಡಿದ. ಸ್ಟ್ರೈಕರ್ ಇಲ್ಲ ಅಂತ ಅಳುತ್ತಾ ಕೂರದೆ ಗೆದ್ದ ಪಂದ್ಯ ಅದು.

ಹಿಂದೆ ನಿಂತು ಆಡಿದವರಿಗೆ ಗೊತ್ತು, ಉದ್ದದ ಥ್ರೋ ಎಷ್ಟು ಕಾಟ ಕೊಡುತ್ತದೆ ಅಂತ. ಕಾರ್ನರ್ ಬಾಲ್ ವೇಗವಾಗಿ ಬರುತ್ತದೆ, ತಲೆ ತಾಗಿಸಿದರೆ ಸಾಕು, ತಾನಾಗಿಯೇ ದೂರ ಹೋಗುತ್ತದೆ. ಥ್ರೋ ಮೆಲ್ಲಗೆ, ಎತ್ತರದಿಂದ ಬೀಳುತ್ತದೆ. ನಮ್ಮದೇ ಬಲ ಹಾಕಿ ಹೊಡೆಯಬೇಕು. ಅಷ್ಟರಲ್ಲಿ ಯಾರೋ ಭುಜ ತಳ್ಳಿರುತ್ತಾರೆ, ಯಾರೋ ಕೀಪರ್ ಮುಂದೆ ನಿಂತಿರುತ್ತಾರೆ. ಆಫ್‌ಸೈಡ್ ಕೂಡ ಇಲ್ಲ. ನಮ್ಮ ಯೂನಿವರ್ಸಿಟಿ ಪಂದ್ಯವೊಂದರಲ್ಲಿ ಎದುರಿನ ಹುಡುಗಿ ಒಬ್ಬಳು ಆರು ಸಲ ಹಾಗೆ ಹಾಕಿದಳು. ಐದು ಸಲ ನಾನು ತೆಗೆದೆ. ಆರನೆಯದು ನನ್ನ ಕಿವಿಗೆ ತಾಗಿ ಕೆಳಗೆ ಬಿತ್ತು. ಅವರು ಗೆದ್ದರು.

ಇನ್ನೊಂದು ಮಾತು. ಮಂಜಣ್ಣ, ನೀವು ಕಂಠೀರವದಲ್ಲಿ ಇದ್ದಿರಿ, ಆ ಫೈನಲ್ 1–1 ಆಗಿ ಪೆನಾಲ್ಟಿಗೆ ಹೋಯಿತಲ್ಲ, ಅದರಲ್ಲಿ ನಮ್ಮ ಕಡೆ ಗುರಿ ತಪ್ಪಿದವನು ಉದಾಂತ ಸಿಂಗ್ ಒಬ್ಬನೇ ಅಲ್ವಾ? ಈ ಸೆಪ್ಟೆಂಬರ್ 8ರಂದು ಅದೇ ಕಾಫಾ ಟೂರ್ನಿಯಲ್ಲಿ ಒಮಾನ್ ಎದುರು ಮೂರನೇ ಸ್ಥಾನದ ಪಂದ್ಯದಲ್ಲಿ ಹಿಂದಿದ್ದಾಗ ಗೋಲು ಹೊಡೆದು ಸಮ ಮಾಡಿದವನು ಅವನೇ. ಆಮೇಲೆ ಪೆನಾಲ್ಟಿಯಲ್ಲಿ 3–2 ಗೆದ್ದೆವು. ಆ ಹುಡುಗನಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ ಅಂತ ನನಗೆ ಬೇಸರ, ಅದಕ್ಕೇ ಇಲ್ಲಿ ಬರೆದೆ.

ರಯಾನ್ ವಿಲಿಯಮ್ಸ್ ಬಗ್ಗೆ ಏನನಿಸುತ್ತದೆ ನಿಮಗೆಲ್ಲ? ಬೆಂಗಳೂರು ಎಫ್‌ಸಿಯವನು, ಆಸ್ಟ್ರೇಲಿಯಾದಲ್ಲಿ ಹುಟ್ಟಿ ಈಗ ಭಾರತದ ಪಾಸ್‌ಪೋರ್ಟ್ ತೆಗೆದುಕೊಂಡಿದ್ದಾನೆ. ಅವನ ತಾಯಿಯ ಕಡೆಯವರು ಮುಂಬೈಯವರು, ಅಜ್ಜ ಬಾಂಬೆ ಪರ ಸಂತೋಷ್ ಟ್ರೋಫಿ ಆಡಿದವರು. ಢಾಕಾಗೆ ಹೋಗಿದ್ದ, ಆದರೆ ಕಾಗದಪತ್ರ ಸಮಯಕ್ಕೆ ಬಾರದೆ ಆಡಲಾಗಲಿಲ್ಲ.

ಫ್ರಾನ್ಸಿಸ್, ಆಸ್ಟಿನ್ ಟೌನ್

ಶ್ವೇತಾ ಅವರೇ, ಥ್ರೋ ಬಗ್ಗೆ ಹೇಳಿದ್ದು ಬಹಳ ಸರಿ. ನಾಳೆಯೇ ಹುಡುಗರಿಗೆ ಹೇಳುತ್ತೇನೆ. ರಯಾನ್ ಬಂದರೆ ಸಂತೋಷ. ಅಜ್ಜ ಆಡಿದ ದೇಶಕ್ಕೆ ಆಡಬೇಕು ಅಂತ ಪಾಸ್‌ಪೋರ್ಟ್ ಬದಲಿಸಿದವನನ್ನು ನಾನು ಎರಡು ಕೈಯಿಂದ ಸ್ವಾಗತ ಮಾಡುತ್ತೇನೆ. ಮೂವತ್ತು ದಾಟಿದ್ದಾನೆ, ಎರಡು ಮೂರು ವರ್ಷ ಒಳ್ಳೆ ಆಟ ಕೊಡಬಹುದು. ಆದರೆ ಅವನೂ ಜಾಸ್ತಿ ಆಡುವುದು ವಿಂಗ್‌ನಲ್ಲೇ.

ದಿನೇಶ್ ಅವರು ಕೇಳಿದ್ದಕ್ಕೆ ಉತ್ತರ: ಹೌದು, 2023ರಲ್ಲೂ ಒಬ್ಬನೇ ಇದ್ದ. ಆ ಒಬ್ಬ ಇದ್ದದ್ದರಿಂದ ಏಳು ವಾರದ ಕ್ಯಾಂಪ್‌ಗೆ ಫಲ ಸಿಕ್ಕಿತು. ಸಹಲ್ ಓಡಿದ್ದು ಯಾರನ್ನು ನಂಬಿ? ಬಾಲ್ ಬಂದೇ ಬರುತ್ತದೆ ಅನ್ನುವ ನಂಬಿಕೆ ಇಲ್ಲದಿದ್ದರೆ ಯಾವ ಮಿಡ್‌ಫೀಲ್ಡರ್ ಕೂಡ ಅರವತ್ತು ಅಡಿ ಸುಮ್ನೆ ಓಡುವುದಿಲ್ಲ. ಎರಡು ಸಲ ಓಡುತ್ತಾನೆ, ಬಾಲ್ ಬರಲಿಲ್ಲ, ಮೂರನೇ ಸಲ ನಿಂತುಬಿಡುತ್ತಾನೆ. ಇದನ್ನು ನಾನು ಪ್ರತಿ ಭಾನುವಾರ ನೋಡುತ್ತೇನೆ.

ದಿನೇಶ್ ಶೆಟ್ಟಿ, ಕುವೈತ್

ಸರ್, ಆ ಮೂರನೇ ಸಲ ನಿಲ್ಲುವ ಮಾತು ಒಪ್ಪಿದೆ. ಢಾಕಾ ಪಂದ್ಯದ ಎರಡನೇ ಅರ್ಧ ಇವತ್ತು ಮತ್ತೆ ಹಾಕಿ ನೋಡಿದೆ. ನಮ್ಮ ಮಿಡ್‌ಫೀಲ್ಡ್‌ನವರು ಓಡುವುದನ್ನು ಬಿಟ್ಟು ಬಾಲ್ ಕೇಳುತ್ತಾ ಕೈ ಚಾಚಿ ನಿಂತದ್ದು ಎಷ್ಟು ಸಲ! ಮೊದಲ ಅರ್ಧದಲ್ಲಿ ಓಡಿದ್ದರು.

ಮಂಜು, ದೂರವಾಣಿನಗರ

ಎಲ್ಲರಿಗೂ ತುಂಬಾ ಧನ್ಯವಾದ. ಸಂಜೆ ಅಪ್ಪನ ಪಕ್ಕ ಕೂತು ಎಲ್ಲವನ್ನೂ ಓದಿ ಹೇಳಿದೆ. ಬೆರಳು ತೋರಿಸುವ ಅಭ್ಯಾಸದ ಜಾಗಕ್ಕೆ ಬಂದಾಗ ಇನ್ನೊಂದು ಸಲ ಓದು ಅಂದರು.

ಶ್ವೇತಾ ಅವರೇ, ಹೌದು, ಉದಾಂತನ ಪೆನಾಲ್ಟಿ ಆ ದಿನ ತಪ್ಪಿದಾಗ ನಮ್ಮ ಸ್ಟ್ಯಾಂಡ್‌ನಲ್ಲಿ ಒಬ್ಬರೂ ಬೈಯಲಿಲ್ಲ. ಅವನ ಹೆಸರು ಕೂಗಿದರು. ಆರನೇ ಪೆನಾಲ್ಟಿ ಮಹೇಶ್ ಹಾಕಿದ, ಆಮೇಲೆ ಕುವೈತ್‌ನವರದ್ದಕ್ಕೆ ನಮ್ಮ ಕೀಪರ್ ಗುರ್‌ಪ್ರೀತ್ ಎಡಗಡೆಗೋ ಬಲಗಡೆಗೋ ಹಾರಿದ, ನನಗೆ ನೆನಪಿಲ್ಲ, ಅಷ್ಟರಲ್ಲಿ ಎದುರಿನವರೆಲ್ಲ ಎದ್ದಿದ್ದರು. ಹಿಡಿದ ಅಂತ ಗೊತ್ತಾದದ್ದು ಅಪ್ಪ ನನ್ನ ಹೆಗಲು ಹಿಡಿದಾಗ. ಆಮೇಲೆ ಸ್ಟೇಡಿಯಂ ಪೂರ್ತಿ ವಂದೇ ಮಾತರಂ ಹಾಡಿತು. ಅಪ್ಪನಿಗೆ ಗಂಟಲು ಕಟ್ಟಿ ಹಾಡಲು ಆಗಲಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು.

ಥ್ರೋ ಬಗ್ಗೆ ಅಪ್ಪ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಥ್ರೋನಲ್ಲಿ ಗೆದ್ದರೆ ಗೆಲ್ಲಲಿ, ತಪ್ಪೇನಿಲ್ಲ. ನಮ್ಮ ಕಾಲದಲ್ಲೂ ಹಾಗೆ ಗೆದ್ದಿದ್ದೀವಿ. ಆದರೆ ಹುಡುಗರಿಗೆ ಬಾಲ್ ಕಾಲಲ್ಲಿ ಇರೋ ಆಸೆ ಹೋಗಬಾರದು." ದಿನೇಶ್ ಅವರು ಹೇಳಿದ ಏಳು ವಾರದ ಮಾತನ್ನೂ ಒಪ್ಪಿದರು. ಕಾರ್ಖಾನೆಯ ತಂಡಗಳು ಗಟ್ಟಿಯಾಗಿದ್ದದ್ದು ಅದಕ್ಕೇ ಅಂತೆ. ಬೆಳಿಗ್ಗೆ ಒಂದೇ ಶಿಫ್ಟ್, ಒಂದೇ ಕ್ಯಾಂಟೀನ್, ಸಂಜೆ ಒಂದೇ ಮೈದಾನ. ವರ್ಷಗಟ್ಟಲೆ.

ನನಗೆ ಈಗ ಅನಿಸುವುದು ಇಷ್ಟು. ನಾನು ಛೆಟ್ರಿಯನ್ನು ಮಾತ್ರ ನೋಡುತ್ತಿದ್ದೆ. ಆ ಗೋಲಿನಲ್ಲಿ ಸಹಲ್‌ನ ಓಟ ಅಷ್ಟೇ ದೊಡ್ಡದು. ಇವತ್ತು ಆ ವೀಡಿಯೊ ಹಾಕಿ ಸಹಲ್‌ನನ್ನು ಮಾತ್ರ ನೋಡಿದೆ. ಆಶಿಕ್ ಕಾಲಲ್ಲಿ ಬಾಲ್ ಇರುವಾಗಲೇ ಅವನು ಹೊರಡುತ್ತಾನೆ. ಛೆಟ್ರಿಗೆ ಬಾಲ್ ಇನ್ನೂ ತಲುಪಿಲ್ಲ.

2026ರ ಮಾರ್ಚ್ 31ಕ್ಕೆ ಹಾಂಗ್‌ಕಾಂಗ್ ಎದುರು ನಮ್ಮ ನೆಲದಲ್ಲಿ ಕೊನೆಯ ಪಂದ್ಯ ಇದೆ. ಬಸ್ಸೋ ರೈಲೋ ಸಿಗುವ ಊರಾದರೆ ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ. ಯಾರಾದರೂ ಜೊತೆಗೆ ಬರುವುದಾದರೆ ಇಲ್ಲೇ ಹೇಳಿ.

ಫ್ರಾನ್ಸಿಸ್, ಆಸ್ಟಿನ್ ಟೌನ್

ನಾನು ಬರುತ್ತೇನೆ. ಹುಡುಗರಲ್ಲಿ ಇಬ್ಬರು ಮೂವರನ್ನೂ ಕರೆದುಕೊಂಡು ಬರುತ್ತೇನೆ.

ಅದಕ್ಕೆ ಮುಂಚೆ ಒಂದು ಕೋರಿಕೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಆಸ್ಟಿನ್ ಟೌನ್ ಗ್ರೌಂಡ್‌ಗೆ ಅಪ್ಪನನ್ನು ಕರೆದುಕೊಂಡು ಬನ್ನಿ. ಗೇಟ್ ಹತ್ತಿರ ನೆರಳಲ್ಲಿ ಕುರ್ಚಿ ಹಾಕಿಸುತ್ತೇನೆ. ನನ್ನ ಹತ್ತಿರ ಹನ್ನೆರಡು ವರ್ಷದ ಒಬ್ಬ ಸೆಂಟರ್ ಫಾರ್ವರ್ಡ್ ಇದ್ದಾನೆ. ಐದು ತಿಂಗಳಿಂದ ಬೆರಳು ಎಣಿಸುತ್ತಿದ್ದಾನೆ, ಹತ್ತಕ್ಕೆ ಆರು ಸಲ ಸರಿ ಹೇಳುತ್ತಾನೆ. ಉಳಿದ ನಾಲ್ಕು ಸಲ ಏನು ತಪ್ಪುತ್ತಿದೆ ಅಂತ ನನಗೆ ಹಿಂದಿನಿಂದ ಕಾಣುವುದಿಲ್ಲ. ಅಪ್ಪ ಎದುರಿಗೆ ಕೂತು ನೋಡಲಿ.

ಮಂಜು, ದೂರವಾಣಿನಗರ

ಸರ್, ಓದಿ ಹೇಳಿದೆ. ಆರೂವರೆಗೇ ಬರೋಣ ಅಂತಿದ್ದಾರೆ.